ಸಾಬರಮತಿ ಜೈಲಿನ ಬಜ್ಜಿ: ಐದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಬಜ್ಜಿ ವಿಷಯದಲ್ಲಿ ನನ್ನನ್ನು ಮೆಚ್ಚಿಸುವುದು ಕಷ್ಟ. ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷ ಮಿರ್ಚಿ ಮಂಡಕ್ಕಿ ಗಾಡಿ ನಡೆಸಿದವಳು ನಾನು. ಕಾದ ಎಣ್ಣೆಯ ವಾಸನೆಯಲ್ಲೇ ಅದು ಇವತ್ತಿನದೋ ನಿನ್ನೆಯದೋ ಹೇಳುತ್ತೇನೆ. ಎಲ್ಲಿಗೆ ಹೋದರೂ ತಟ್ಟೆ ನೋಡುವ ಮೊದಲು ಬಾಣಲೆ ನೋಡುತ್ತೇನೆ. ಮಗಳಿಗೆ ಇದರಿಂದ ನಾಚಿಕೆ.

ಆ ಮಗಳು ಈಗ ಅಹಮದಾಬಾದಿನಲ್ಲಿದ್ದಾಳೆ. ಕಾನೂನು ಪಾಠ ಮಾಡುತ್ತಾಳೆ. ಡಿಸೆಂಬರ್‌ನಲ್ಲಿ ಒಂದು ತಿಂಗಳು ಅವಳ ಮನೆಯಲ್ಲಿದ್ದೆ. ಒಂದು ಸಂಜೆ ಕಾಲೇಜಿನಿಂದ ಬಂದವಳೇ, "ಅವ್ವಾ, ಚಪ್ಪಲಿ ಹಾಕ್ಕೋ. ನಿನ್ನ ಜೈಲಿಗೆ ಕರ್ಕೊಂಡು ಹೋಗ್ತೀನಿ" ಅಂದಳು. ಅಳಿಯ ಪಕ್ಕದಲ್ಲಿ ನಗುತ್ತಿದ್ದ.

ಸುಭಾಷ್ ಬ್ರಿಜ್ ಕಡೆ, ಆರ್‌ಟಿಒ ಸರ್ಕಲ್ ಹತ್ತಿರ, ಜೈಲ್ ಭಜಿಯಾ ಹೌಸ್ ಅಂತ ಇದೆ. ಸಾಬರಮತಿ ಸೆಂಟ್ರಲ್ ಜೈಲಿನವರದ್ದು. ಕರಿಯುವವರು, ತೂಗುವವರು ಶಿಕ್ಷೆ ಆಗಿರುವ ಕೈದಿಗಳು. ನಡತೆ ನೋಡಿ ಆರಿಸಿ ಕಳಿಸುತ್ತಾರಂತೆ. ಜೈಲಿನ ಸಿಬ್ಬಂದಿಯ ಒಂದು ಕಣ್ಣು ಇದ್ದೇ ಇರುತ್ತದೆ. ಸ್ಕೂಟರ್ ನಿಲ್ಲಿಸಿ ಕಟ್ಟಿಸಿಕೊಂಡು ಹೋಗುವವರಿಗೆ ಮಾತ್ರ ಅದು ಬಜ್ಜಿ ಅಂಗಡಿ, ಅಷ್ಟೇ.

ಇಲ್ಲಿ ತಿನ್ನಬೇಕಾದ್ದು ಮೆಂತ್ಯ ಸೊಪ್ಪಿನ ಗೋಟಾ. ನಮ್ಮ ಬೋಂಡಾದ ಹಾಗೆ ಗುಂಡಗೆ, ಆದರೆ ಹಿಟ್ಟು ಬೇರೆ. ನಮ್ಮದು ನುಣ್ಣನೆ ಕಡಲೆಹಿಟ್ಟು, ಇವರದ್ದು ತರಿತರಿ. ಹಾಗಾಗಿ ಹೊರಗೆ ಒರಟು, ಒಳಗೆ ಹತ್ತಿ. ಹಲ್ಲಿಗೆ ಆಗೊಂದು ಈಗೊಂದು ಕೊತ್ತಂಬರಿ ಬೀಜ, ಮೆಣಸಿನ ಚೂರು ಸಿಗುತ್ತದೆ. ಚಳಿಗಾಲದ ಎಳೆ ಮೆಂತ್ಯ, ಕಹಿ ಇಲ್ಲವೇ ಇಲ್ಲ. ಗುಜರಾತಿನಲ್ಲಿ ಎಲ್ಲದಕ್ಕೂ ಒಂದು ಚಿಟಿಕೆ ಸಕ್ಕರೆ ಬೀಳುತ್ತದೆ, ಇದಕ್ಕೂ ಬಿದ್ದಿತ್ತು. ನನ್ನ ನಾಲಿಗೆಗೆ ಅದು ಒಗ್ಗುವುದಿಲ್ಲ. ಜೊತೆಗೆ ಹಸಿಮೆಣಸಿನಕಾಯಿ ಕರಿದು ಉಪ್ಪು ಉದುರಿಸಿ ಕೊಟ್ಟರು. ಅದನ್ನು ಕಚ್ಚಿಕೊಂಡರೆ ಸಕ್ಕರೆಯ ತಕರಾರು ಮುಗಿಯಿತು. ಎಣ್ಣೆ ಆ ದಿನದ್ದೇ. ಕಾಗದಕ್ಕೆ ಅಂಟಿದ್ದು ತೀರಾ ಕಡಿಮೆ.

ಕರಿಯುತ್ತಿದ್ದವನಿಗೆ ನಲವತ್ತರ ಆಸುಪಾಸು. ನಾನು ಬಾಣಲೆಯನ್ನೇ ನೋಡುತ್ತಾ ನಿಂತಿದ್ದು ಕಂಡು "ಬಾ" ಅಂದ. ಕನ್ನಡದವನು ಅಂದುಕೊಂಡು ಎರಡು ಹೆಜ್ಜೆ ಮುಂದೆ ಹೋಗಿಯೇಬಿಟ್ಟೆ! ಮಗಳು ಸೆರಗು ಹಿಡಿದು ಎಳೆದಳು. ಗುಜರಾತಿಯಲ್ಲಿ ಬಾ ಅಂದರೆ ಅವ್ವ ಅಂತೆ.

ನಮ್ಮ ಓಣಿಯ ಉರ್ದುವೇ ನನ್ನ ಹಿಂದಿ. ಅದರಲ್ಲೇ ಕೇಳಿದೆ, ಸೋಡಾ ಯಾವಾಗ ಹಾಕ್ತೀಯಪ್ಪ ಅಂತ. ಹಿಟ್ಟು ಕಲಸುವಾಗ ಅಲ್ಲ, ಎಣ್ಣೆಗೆ ಬಿಡುವ ಮುಂಚೆ, ಅದರ ಮೇಲೆ ಒಂದು ಸೌಟು ಕಾದ ಎಣ್ಣೆ ಅಂದ. ನಾನೂ ಹಾಗೇ ಮಾಡುತ್ತಿದ್ದೆ. ಅಷ್ಟು ಸಾಕಾಯಿತು, ಹತ್ತು ನಿಮಿಷ ಮಾತಾಡಿದೆವು. ಎಣ್ಣೆ, ಬೆಂಕಿ, ಗಿರಾಕಿ. ಏನು ಮಾಡಿ ಒಳಗೆ ಹೋದೆ ಅಂತ ನಾನು ಕೇಳಲಿಲ್ಲ. ಬಾಯಿ ತುದಿಗೆ ಬಂದಿತ್ತು.

ದುಡ್ಡು ಇವರ ಕೈಗೆ ಸಿಗುತ್ತಾ ಅಂತ ಮಗಳನ್ನು ಕೇಳಿದೆ. ಕೇಳಬಾರದಿತ್ತು, ಪಾಠ ಶುರುವಾಯಿತು. ಗುಜರಾತ್ ಸರ್ಕಾರದ್ದೇ ಕೇಸು, 1998ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಕಠಿಣ ಶಿಕ್ಷೆ ಆದವರಿಂದ ಕೆಲಸ ಮಾಡಿಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಲೇಬೇಕು. ಆ ಕೂಲಿಯಲ್ಲಿ ಒಂದು ಪಾಲು ಅನ್ಯಾಯಕ್ಕೆ ಒಳಗಾದವರಿಗೆ ಹೋಗುವ ಹಾಗೆ ಕಾನೂನು ಮಾಡಿ ಅಂತಲೂ ರಾಜ್ಯಗಳಿಗೆ ಹೇಳಿತಂತೆ. ಇದು ನನಗೆ ಹಿಡಿಸಿತು. ಗಾಡಿಯ ಲೆಕ್ಕದ ಹಾಗೆ ಸರಳವಾಗಿದೆ ಅಲ್ವಾ? ಸುಮ್ನೆ ಗೋಡೆ ನೋಡುತ್ತಾ ಕೂತರೆ ಯಾರಿಗೆ ಏನು ತೀರುತ್ತದೆ?

ಇನ್ನು ಕುಡಿತದ ವಿಷಯ. ಈ ಊರಿನ ಬಜ್ಜಿ ಬಗ್ಗೆ ಬರೆದು ಅದನ್ನು ಬಿಡುವುದು ನನ್ನಿಂದ ಆಗುವುದಿಲ್ಲ. ದಾವಣಗೆರೆಯಲ್ಲಿ ನನ್ನ ಮಿರ್ಚಿಯ ಅರ್ಧ ವ್ಯಾಪಾರ ನಡೆದದ್ದೇ ಕುಡಿಯುವವರಿಂದ. ಇಲ್ಲಿ ಸಂಜೆ ಏಳಕ್ಕೆ ಅಂಗಡಿ ಮುಂದೆ ನಿಂತವರೆಲ್ಲ ನೆಟ್ಟಗೆ ನಿಂತಿದ್ದರು. ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಗುಜರಾತ್ ಹುಟ್ಟಿದ್ದು 1960ರಲ್ಲಿ, ಪಾನನಿಷೇಧ ಅಂದಿನಿಂದಲೇ ಇದೆ. 2017ರಲ್ಲಿ ಇನ್ನೂ ಬಿಗಿ ಮಾಡಿದರು. ಮಾಡಿದರೆ, ಮಾರಿದರೆ, ಸಾಗಿಸಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆದರೆ ಅಳಿಯನ ಗೆಳೆಯ ಒಬ್ಬ ಬೆಂಗಳೂರಿನಿಂದ ಬಂದಿದ್ದ. ಹೊರರಾಜ್ಯದವನು ಅಂತ ಪರ್ಮಿಟ್ ಮಾಡಿಸಿ ದೊಡ್ಡ ಹೋಟೆಲಿನ ಅಂಗಡಿಯಲ್ಲಿ ರಾಜಾರೋಷವಾಗಿ ಬಾಟಲಿ ತಗೊಂಡ. ಇಲ್ಲಿನವರಿಗೂ ನಲವತ್ತು ದಾಟಿದ್ದರೆ ಆರೋಗ್ಯದ ಪರ್ಮಿಟ್ ಅಂತ ಉಂಟು. 2023ರ ಡಿಸೆಂಬರ್‌ನಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಯಲ್ಲಿ, ಅಂದರೆ ಹಣಕಾಸು ಕಂಪನಿಗಳಿಗೆ ಕಟ್ಟಿದ ಬಡಾವಣೆಯಲ್ಲಿ, ನಿಯಮವನ್ನು ಸಡಿಲವೂ ಮಾಡಿದರು. ಕಾಗದ ಮಾಡಿಸಲು ಬಾರದವನಿಗೆ ಪೋಟ್ಲಿ. ನಮ್ಮ ಪ್ಯಾಕೆಟ್ ಸಾರಾಯಿ ಇದ್ದ ಹಾಗೆ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಕಳ್ಳಭಟ್ಟಿ.

2009ರ ಜುಲೈನಲ್ಲಿ ಇದೇ ಅಹಮದಾಬಾದಿನಲ್ಲಿ ಅದನ್ನು ಕುಡಿದು ನೂರಕ್ಕೂ ಜಾಸ್ತಿ ಜನ ಸತ್ತರು. ಲಠ್ಠಾಕಾಂಡ ಅನ್ನುತ್ತಾರೆ. ಆಮೇಲೆ ಕಾನೂನು ತಿದ್ದಿದರು. ವಿಷದ ಸಾರಾಯಿ ಮಾರಿ ಜನ ಸತ್ತರೆ ಮಾರಿದವನಿಗೆ ಗಲ್ಲು ಕೂಡ ಆಗಬಹುದು. 2022ರ ಜುಲೈನಲ್ಲಿ ಬೋಟಾದ್ ಕಡೆ ಮತ್ತೆ ನಲವತ್ತಕ್ಕೂ ಹೆಚ್ಚು ಜನ ಹೋದರು. ಕುಡಿದದ್ದು ಕಾರ್ಖಾನೆಗೆ ಬಳಸುವ ಮೀಥೈಲ್ ಸ್ಪಿರಿಟ್. ಗಲ್ಲಿನ ಹಗ್ಗ ಪುಸ್ತಕದಲ್ಲಿತ್ತು, ಪೋಟ್ಲಿ ಕೈಯಲ್ಲಿತ್ತು.

ಮಗಳು ಇದನ್ನೆಲ್ಲ ಹೇಳಿ, "ನೋಡವ್ವಾ, ನಿಷೇಧದಿಂದ ಏನೂ ಆಗಲ್ಲ" ಅಂದಳು. ನಾನು ಒಪ್ಪಲಿಲ್ಲ. ಅಲ್ಲೇ ಕಾಗದ ಹಿಡಿದುಕೊಂಡು ಜಗಳ.

ಅವಳು ಆಗ ಚಿಕ್ಕವಳು, ಮರೆತಿದ್ದಾಳೆ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಆವತ್ತು ಗಾಡಿ ಹತ್ತಿರ ಬಂದ ಹೆಂಗಸರಿಗೆಲ್ಲ ನಾನು ಪುಕ್ಕಟೆ ಮಂಡಕ್ಕಿ ಕೊಟ್ಟಿದ್ದೆ. ನಮ್ಮ ಮನೆಯವರು ಮೂರು ವಾರ ಕುಡಿಯಲಿಲ್ಲ. ಮೂರು ವಾರ! ರಾತ್ರಿ ಊಟಕ್ಕೆ ಕೂತು ಮಗಳ ತಟ್ಟೆಗೆ ತುಪ್ಪ ಬಡಿಸಿದ್ದರು. ಅದಾದ ಮೇಲೆ ಕ್ವಾರ್ಟರ್ ಬ್ರಾಂದಿಗೆ ಹೋದರು. ಪ್ಯಾಕೆಟ್ಟಿಗಿಂತ ದುಬಾರಿ, ದುಡ್ಡು ಗಾಡಿಯ ಗಲ್ಲಾದಿಂದಲೇ. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಆಚೆ ಕೃಷ್ಣಗಿರಿ ಕಡೆ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಸತ್ತ ಸುದ್ದಿ ಬಂತು. ಆವತ್ತು ಮಾತ್ರ ಬ್ರಾಂದಿ ಕುಡಿಯುವ ಗಂಡ ಇದ್ದಾನಲ್ಲ ಅಂತ ಸಮಾಧಾನಪಟ್ಟೆ. ಎಂಥ ಸಮಾಧಾನ ನೋಡಿ.

ಒಂದು ಸಲ ಬೀದಿಯಲ್ಲಿ ಗಲಾಟೆ ಮಾಡಿ ಒಂದು ರಾತ್ರಿ ಠಾಣೆಯಲ್ಲಿ ಕೂತು ಬಂದರು. ಬೆಳಿಗ್ಗೆ ಬನ್ನು, ಚಹಾ ತಗೊಂಡು ಹೋದವಳು ನಾನೇ. ಮನೆಗೆ ಬಂದವರು ನನ್ನ ಮುಖ ನೋಡಲಾರದೆ ಆ ಸಂಜೆ ಎರಡರಷ್ಟು ಕುಡಿದರು. 2013ರಲ್ಲಿ ಲಿವರ್ ಹೋಗಿ ತೀರಿಕೊಂಡರು. ಹಾಗಾಗಿ ನನ್ನ ಲೆಕ್ಕ ಇದು: ಅಂಗಡಿ ಮುಚ್ಚಿ, ನಾನು ಬಂದು ಬೀಗ ಹಾಕುತ್ತೇನೆ. ಕುಡಿದವನನ್ನು ಜೈಲಿಗೆ ಹಾಕಬೇಡಿ. ವಿಷ ಮಾರಿದವನ ವಿಷಯಕ್ಕೆ ಬಂದರೆ ನನಗೂ ಹೊಟ್ಟೆ ಉರಿಯುತ್ತದೆ, ಗಲ್ಲೇ ಸರಿ ಅನ್ನಿಸುತ್ತದೆ. ಹಾಗೆ ಅನ್ನುತ್ತಲೇ ಬಾಣಲೆ ಕಡೆ ತಿರುಗಿದೆ. ಅವನು ಗೋಟಾ ತಿರುವಿ ಹಾಕುತ್ತಿದ್ದ. ಇವನೇ ಪೋಟ್ಲಿ ಮಾರಿದವನಾಗಿದ್ದರೆ? ಕೇಳದೆ ಇದ್ದದ್ದು ಒಳ್ಳೆಯದಾಯಿತು ಅನ್ನಿಸಿತು.

ಬಜ್ಜಿ ತಿನ್ನಲು ಹೋಗುವವರು ಮೊದಲು ಆಶ್ರಮ ನೋಡಿಕೊಂಡು ಬನ್ನಿ, ಆಟೊದಲ್ಲಿ ಹತ್ತಿರವೇ. ಗಾಂಧಿ 1917ರಲ್ಲಿ ಅಲ್ಲಿ ಜಾಗ ಹಿಡಿದಾಗ ಒಂದು ಕಡೆ ಜೈಲು, ಇನ್ನೊಂದು ಕಡೆ ಸ್ಮಶಾನ. ಸತ್ಯಾಗ್ರಹಿ ಕೊನೆಗೆ ಹೋಗುವುದು ಈ ಎರಡರಲ್ಲಿ ಒಂದಕ್ಕೇ ಅನ್ನುತ್ತಿದ್ದರಂತೆ. 1922ರ ಮಾರ್ಚಿನಲ್ಲಿ ಅವರನ್ನು ಹಿಡಿದು ಇದೇ ಜೈಲಿನಲ್ಲಿ ಇಟ್ಟರು, ಆಮೇಲೆ ಪುಣೆಯ ಯರವಡಾ ಜೈಲಿಗೆ ಕಳಿಸಿದರು. ಒಂದು ಗಂಟೆ ಸರ್ವಾಧಿಕಾರ ಸಿಕ್ಕರೆ ಮೊದಲು ಹೆಂಡದಂಗಡಿ ಮುಚ್ಚಿಸುತ್ತೇನೆ ಅಂತ 1931ರಲ್ಲಿ ಬರೆದವರೂ ಅವರೇ. ಅಪರಾಧಿಗಳನ್ನು ರೋಗಿಗಳ ಹಾಗೆ ನೋಡಬೇಕು, ಜೈಲು ಆಸ್ಪತ್ರೆ ಆಗಬೇಕು ಅಂತ ಬರೆದವರೂ ಅವರೇ. ಇದನ್ನು ಹೇಳಿದ್ದು ಮಗಳು. ಹೇಳಿದ ಮೇಲೆ, ನಾನು ಅರ್ಧ ಗೆದ್ದೆ, ಅವಳು ಅರ್ಧ ಗೆದ್ದಳು ಅಂತ ಅಳಿಯ ತೀರ್ಪು ಕೊಟ್ಟು ಉಳಿದ ಗೋಟಾ ಎಲ್ಲ ತಿಂದುಬಿಟ್ಟ.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಮಂಡಕ್ಕಿ ಇಲ್ಲ. ಅದು ಅವರ ತಪ್ಪಲ್ಲ, ನನ್ನ ಹಟ. ಪಾರ್ಸೆಲ್ ಬೇಡ, ಮನೆ ಮುಟ್ಟುವಷ್ಟರಲ್ಲಿ ಯಾವ ಬಜ್ಜಿಯಾದರೂ ಮೆತ್ತಗಾಗುತ್ತದೆ. ಅಲ್ಲೇ ನಿಂತು ತಿನ್ನಿ.

ಊರಿಗೆ ಹೊರಡುವ ಹಿಂದಿನ ದಿನ ಒಬ್ಬಳೇ ಇನ್ನೊಮ್ಮೆ ಹೋದೆ. ಬಾಣಲೆ ಮುಂದೆ ಬೇರೆಯವನಿದ್ದ. ಹಳಬ ಎಲ್ಲಿ ಅಂದರೆ ಫರ್ಲೋ, ಅಂದರೆ ಜೈಲಿನಿಂದ ಕೆಲ ದಿನದ ರಜೆ, ಸಿಕ್ಕಿ ಊರಿಗೆ ಹೋಗಿದ್ದಾನೆ, ಬರುತ್ತಾನೆ ಅಂದರು. ಹೊಸಬನಿಗೆ ಎಣ್ಣೆ ಎಂದರೆ ಭಯ. ಹಿಟ್ಟನ್ನು ಮೇಲಿನಿಂದ ಬಿಡುತ್ತಿದ್ದ, ಅದು ಸಿಡಿಯುತ್ತಿತ್ತು. ಕೈ ಕೆಳಗೆ ತಾ, ಎಣ್ಣೆಗೆ ಹತ್ತಿರ, ಅಂತ ಸನ್ನೆ ಮಾಡಿ ತೋರಿಸಿದೆ. ಪಕ್ಕದಲ್ಲಿದ್ದ ಸಿಬ್ಬಂದಿಯ ಮುಖ ನೋಡಿದ, ಆಮೇಲೆ ಕೈ ಕೆಳಗೆ ತಂದ.