ಕಟಾಲ್ಡೋದ ಹಳೆಯ ಮಿಶನ್: ಮೊಳೆ ಇಲ್ಲದೆ ಕಟ್ಟಿದ ಇಗರ್ಜಿ

ಅಮೆರಿಕದ ಐಡಾಹೋ ರಾಜ್ಯದ ಕಟಾಲ್ಡೋ ಮಿಶನ್ನಿಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲನೇ ಸಲ ಟೂರಿನವರ ವ್ಯಾನಿನಲ್ಲಿ. ಅವರು ಕೊಟ್ಟದ್ದು ಒಟ್ಟು 20 ನಿಮಿಷ. ಗುಡ್ಡ ಹತ್ತಿ ಬಾಗಿಲಲ್ಲಿ ನಿಂತು ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ ಹೊರಡಿ ಎಂದರು. ಅವತ್ತು ರಾತ್ರಿಯೇ ಮಗನಿಗೆ ಹೇಳಿದೆ, "ಇನ್ನೊಂದು ಸಲ ಕರ್ಕೊಂಡು ಹೋಗು ಮಾರಾಯ, ನಿಧಾನಕ್ಕೆ ನೋಡಬೇಕು." ಸ್ಪೋಕೇನ್‌ನಲ್ಲಿರುವ ಅವನ ಮನೆಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಐ-90 ಹೆದ್ದಾರಿಯಲ್ಲಿ 39ನೇ ಎಕ್ಸಿಟ್. ಹೋಗುವವರು ಸ್ವಂತ ಗಾಡಿಯಲ್ಲೇ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ, ಅರ್ಧ ದಿನ ಇಟ್ಟುಕೊಳ್ಳಿ.

ಇದು ಐಡಾಹೋದಲ್ಲಿ ಇವತ್ತಿಗೂ ನಿಂತಿರುವ ಕಟ್ಟಡಗಳಲ್ಲೆಲ್ಲ ಹಳೆಯದು. ಜೆಸ್ವಿಟ್ ಪಾದ್ರಿಗಳು, ಅಂದರೆ ಯೇಸು ಸಭೆ ಎಂಬ ಕ್ಯಾಥೊಲಿಕ್ ಸಂಘದವರು, ಈ ಸೀಮೆಯಲ್ಲಿ ಮೊದಲು 1842ರಲ್ಲಿ ಸೇಂಟ್ ಜೋ ನದಿಯ ದಡದಲ್ಲಿ ನೆಲೆ ಮಾಡಿದ್ದರು. ಅಲ್ಲಿ ನೆರೆ ನೀರಿನ ಕಾಟ ತಾಳಲಾರದೆ 1846ರಲ್ಲಿ ಕೋರ್ ಡಲೇನ್ ನದಿಯ ಪಕ್ಕದ ಈ ಗುಡ್ಡಕ್ಕೆ ಬಂದರು. 1850ರಲ್ಲಿ ಆಂಟೋನಿಯೋ ರವಾಲ್ಲಿ ಬಂದ ಮೇಲೆ ಇಗರ್ಜಿಯ ಕೆಲಸ ಶುರುವಾಯಿತು. ಇಟಲಿಯ ಫೆರಾರಾದಲ್ಲಿ 1812ರಲ್ಲಿ ಹುಟ್ಟಿದ ಪಾದ್ರಿ ಅವರು. ವೈದ್ಯರೂ ಹೌದು, ಶಿಲ್ಪಿಯೂ ಹೌದು. ನಕ್ಷೆ ಅವರದು. ಕಟ್ಟಿದವರು ಈ ನೆಲದ ಮೂಲನಿವಾಸಿಗಳಾದ ಸ್ಚೀಟ್ಸುಉಮ್ಶ್ ಜನ. ಕೋರ್ ಡಲೇನ್ ಎಂಬುದು ಫ್ರೆಂಚ್ ವ್ಯಾಪಾರಿಗಳು ಅವರಿಗೆ ಇಟ್ಟ ಹೆಸರು, ದಬ್ಬಳದಂಥ ಹೃದಯದವರು ಎಂದು ಅರ್ಥ. ಚೌಕಾಸಿಯಲ್ಲಿ ಸೋಲದವರಿಗೆ ವ್ಯಾಪಾರಿಗಳು ಕೊಡುವ ಬಿರುದು ಅಂಥದ್ದೇ ಇರುತ್ತದೆ.

ನನ್ನ ಅಪ್ಪ ಮಂಗಳೂರಿನಲ್ಲಿ ಮರದ ಕೆಲಸದ ಆಚಾರಿ. ಹಾಗಾಗಿ ಯಾವ ಕಟ್ಟಡಕ್ಕೆ ಹೋದರೂ ನಾನು ಮೊದಲು ನೋಡುವುದು ಸಂದುಗಳನ್ನು. ಸುಮಾರು 90 ಅಡಿ ಉದ್ದ, 40 ಅಡಿ ಅಗಲ, 30 ಅಡಿ ಎತ್ತರದ ಈ ಇಗರ್ಜಿಯನ್ನು ಕಟ್ಟುವಾಗ ಕೈಯಲ್ಲಿದ್ದದ್ದು ಅಗಲ ಬಾಯಿಯ ಕೊಡಲಿ, ಬೈರಿಗೆ, ಹಗ್ಗ, ರಾಟೆ, ಒಂದು ಚಿಕ್ಕ ಚಾಕು. ಮೊಳೆ ಇರಲಿಲ್ಲ. ಬೈರಿಗೆಯಿಂದ ತೂತು ಕೊರೆದು ಮರದ ಗೂಟ ಹೊಡೆದು ತೊಲೆಗಳನ್ನು ಕೂಡಿಸಿದ್ದಾರೆ. ಗೋಡೆಯ ಒಂದು ಕಡೆ ಮೇಲಿನ ಹೊದಿಕೆ ತೆಗೆದು ಒಳಗಿನ ಕಟ್ಟು ಕಾಣುವ ಹಾಗೆ ಬಿಟ್ಟಿದ್ದಾರೆ. ನಾನು ಅಲ್ಲೇ ತುಂಬ ಹೊತ್ತು ನಿಂತೆ. ನಿಲುಗಂಬಗಳ ನಡುವೆ ಸಣ್ಣ ಕೋಲುಗಳನ್ನು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಹಾಕಿ, ಕೋಲಿಗೆ ಹುಲ್ಲು ಸುತ್ತಿ, ಮೇಲೆ ಕೆಸರು ಮೆತ್ತಿದ ಗೋಡೆ ಅದು. ಒಂದಡಿ ದಪ್ಪ. ಒಣಗಿದ ಮಣ್ಣಿನಿಂದ ಹುಲ್ಲಿನ ಎಳೆಗಳು ಈಗಲೂ ಹೊರಗೆ ಚಾಚಿಕೊಂಡಿವೆ. ನಮ್ಮ ಅಜ್ಜಿಯ ಮನೆಯ ಕೊಟ್ಟಿಗೆಯಲ್ಲಿ ತಟ್ಟಿಗೆ ಮಣ್ಣು ಮೆತ್ತುತ್ತಿದ್ದದ್ದು ಹೀಗೆಯೇ. ಹೊರಗಿನಿಂದ ಕಾಣುವ ಹಲಗೆಗಳು 1865ರ ಹೊತ್ತಿಗೆ ಸೇರಿಸಿದವು. ಅವನ್ನೇ ನೋಡಿ ಬಂದರೆ ಈ ಇಗರ್ಜಿಯನ್ನು ನೋಡಿದ ಹಾಗಾಗುವುದಿಲ್ಲ.

ಒಳಗೆ ಬೆಂಚುಗಳಿಲ್ಲ. ಆ ಕಾಲದಲ್ಲಿ ಜನ ನೆಲದ ಮೇಲೆಯೇ ಕೂರುತ್ತಿದ್ದರು. ಬಲಿಪೀಠ ಅಮೃತಶಿಲೆಯದ್ದೆಂದು ಕಾಣುತ್ತದೆ, ಹತ್ತಿರ ಹೋದರೆ ಮರ. ಬಣ್ಣದಲ್ಲಿ ಕಲ್ಲಿನ ನರಗಳನ್ನು ಎಳೆದಿದ್ದಾರೆ. ದೀಪದ ಗೊಂಚಲುಗಳು ತಗಡಿನ ಡಬ್ಬಿಗಳನ್ನು ಕತ್ತರಿಸಿ ಮಾಡಿದವು. ಬಲಿಪೀಠದ ಬಳಿಯ ಮೂರ್ತಿಗಳನ್ನು ರವಾಲ್ಲಿಯವರೇ ಚಾಕುವಿನಲ್ಲಿ ಕೆತ್ತಿದರು. ಚಾವಣಿಯ ನೀಲಿ ಹಕಲ್‌ಬೆರಿ ಎಂಬ ಕಾಡುಹಣ್ಣಿನ ರಸದ್ದು ಎಂದು ಅಲ್ಲಿ ಹೇಳುತ್ತಾರೆ. ಮರಿಯಮ್ಮನ ಮೂರ್ತಿಯ ಸೆರಗಿನ ಮಡಿಕೆಯಲ್ಲಿ ಚಾಕು ಜಾರದೆ ಒಂದೇ ಎಳೆತದಲ್ಲಿ ಇಳಿದಿದೆ. ಅಪ್ಪ ನೋಡಿದ್ದರೆ ಅಲ್ಲಿಂದ ಕದಲುತ್ತಿರಲಿಲ್ಲ.

ಆ ಬಣ್ಣದ ಅಮೃತಶಿಲೆ ನೋಡಿದಾಗ ನನಗೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೆನಪಾಯಿತು. 30 ವರ್ಷ ಕನ್ನಡ ಕಲಿಸಿದವಳು ನಾನು, ಎಷ್ಟೋ ಸಲ ಮಕ್ಕಳನ್ನು ಅಲ್ಲಿಗೆ ಸಾಲು ಕಟ್ಟಿಸಿ ಕರೆದುಕೊಂಡು ಹೋಗಿದ್ದೇನೆ. ಅದರ ಗೋಡೆ, ಚಾವಣಿಗಳಿಗೆ 1899ರಿಂದ 1901ರವರೆಗೆ ಚಿತ್ರ ಬರೆದ ಬ್ರದರ್ ಆಂಟೋನಿಯೋ ಮೊಸ್ಕೆನಿ ಕೂಡ ಇಟಲಿಯ ಜೆಸ್ವಿಟರೇ. ಇದು ಬರೀ ಹೋಲಿಕೆಯಲ್ಲ. 19ನೇ ಶತಮಾನದಲ್ಲಿ ಇಟಲಿಯ ರಾಜಕೀಯ ಬದಲಾದಾಗ ಜೆಸ್ವಿಟರನ್ನು ಒಂದೊಂದೇ ಪ್ರಾಂತದಿಂದ ಹೊರಗೆ ಹಾಕಿದರು. ಟುರಿನ್ ಪ್ರಾಂತದವರು 1854ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ರಾಕಿ ಪರ್ವತಗಳ ಮಿಶನ್ನುಗಳನ್ನು ವಹಿಸಿಕೊಂಡರು. ವೆನಿಸ್ ಪ್ರಾಂತದವರು 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಊರು ಸೇರಿದ ಹಾಗೆ. ನಮ್ಮಲ್ಲಿಗೆ ಬಂದವರಿಗೆ ಊರಿತ್ತು, ಬಂದರಿತ್ತು, ಆಳುಕಾಳಿದ್ದರು. ಇಲ್ಲಿಗೆ ಬಂದವರಿಗೆ ಕಾಡು, ಹಿಮ ಮತ್ತು ಕರೆದ ಜನ.

ಹೌದು, ಕರೆದ ಜನ. ಸಂದರ್ಶಕರ ಕೇಂದ್ರದ ಪ್ರದರ್ಶನದ ಮೊದಲ ಭಾಗ ಆ ಕಥೆಯದು. ತುಪ್ಪಳದ ವ್ಯಾಪಾರಕ್ಕೆ ಬಂದಿದ್ದ ಪೂರ್ವದ ಮೂಲನಿವಾಸಿ ಇರೊಕ್ವಾ ಜನರ ಬಾಯಲ್ಲಿ ಕಪ್ಪಂಗಿಯವರ, ಅಂದರೆ ಜೆಸ್ವಿಟ್ ಪಾದ್ರಿಗಳ, ಸುದ್ದಿ ಕೇಳಿದ ರಾಕಿ ಪರ್ವತದ ಜನ 1831ರಿಂದ 1839ರ ನಡುವೆ ನಾಲ್ಕು ಸಲ ಪಾದ್ರಿಗಳನ್ನು ಕರೆಯಲು ಸೇಂಟ್ ಲೂಯಿಸ್ ಪಟ್ಟಣಕ್ಕೆ ಆಳು ಕಳಿಸಿದರು. 1837ರಲ್ಲಿ ಹೋದವರು ದಾರಿಯಲ್ಲೇ ಕೊಲೆಯಾದರು. ಕೊನೆಗೆ ಬೆಲ್ಜಿಯಂನ ಜೆಸ್ವಿಟ್ ಪಾದ್ರಿ ಪಿಯೆರ್-ಜಾನ್ ಡಿ ಸ್ಮೆಟ್ ಹೊರಟು ಬಂದರು. ಪ್ರದರ್ಶನವನ್ನು ಮೊದಲು ನೋಡಿ, ಆಮೇಲೆ ಇಗರ್ಜಿಗೆ ಹತ್ತಿ. ನಾವು ಉಲ್ಟಾ ಮಾಡಿದೆವು, ಆದ್ದರಿಂದ ಇಗರ್ಜಿಗೆ ಮತ್ತೊಮ್ಮೆ ಹತ್ತಿದೆವು.

ನನಗೆ ಸಂಕಟವಾದದ್ದು ಭಾಷೆಯ ವಿಷಯದಲ್ಲಿ. ಈ ಪಾದ್ರಿಗಳು ಕುಳಿತು ಜನರ ಮಾತು ಕಲಿತರು. ಅವರಲ್ಲೊಬ್ಬರಾದ ಗ್ರೆಗೊರಿ ಮೆಂಗರಿನಿ 1861ರಲ್ಲೇ ಪರ್ವತದ ಜನರ ಸೇಲಿಶ್ ಭಾಷೆಯ ವ್ಯಾಕರಣ ಪ್ರಕಟಿಸಿದರು. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ದಿನವೂ ಬಿಡಿಸಿ ನೋಡಿದ ನನಗೆ ಆ ಶ್ರಮ ಏನೆಂದು ಗೊತ್ತು. ಆದರೆ ಆಮೇಲಿನ ದಶಕಗಳಲ್ಲಿ ದೇಶದ ತುಂಬ ಎದ್ದ ವಸತಿಶಾಲೆಗಳಲ್ಲಿ, ಸರ್ಕಾರದ್ದರಲ್ಲೂ ಇಗರ್ಜಿಗಳದ್ದರಲ್ಲೂ, ಮೂಲನಿವಾಸಿ ಮಕ್ಕಳು ತಾಯ್ನುಡಿ ಆಡಿದರೆ ಶಿಕ್ಷೆಯಾಗುತ್ತಿತ್ತು. ವ್ಯಾಕರಣ ಬರೆದುಕೊಟ್ಟವರ ಸಭೆಯೇ ಇದಕ್ಕೂ ಕೈ ಜೋಡಿಸಿತು. ನನಗೆ ಇದನ್ನು ಒಪ್ಪಿಕೊಳ್ಳಲು ಆಗುವುದಿಲ್ಲ. ಸ್ಚೀಟ್ಸುಉಮ್ಶ್ ಹಿರಿಯರಾದ ಲಾರೆನ್ಸ್ ನಿಕೋಡೆಮಸ್ 1975ರಲ್ಲಿ ತಮ್ಮ ಭಾಷೆಯ ನಿಘಂಟು ತಂದರು. ಮಗ ಫೋನಿನಲ್ಲಿ ಅದನ್ನು ಹುಡುಕಿ ತೋರಿಸಿದಾಗ ಅಲ್ಲೇ ಕಟ್ಟೆಯ ಮೇಲೆ ಕುಳಿತು ಪುಟ ಸರಿಸಿದೆ.

ಇಷ್ಟೆಲ್ಲ ಕಟ್ಟಿದ ಜನಕ್ಕೆ ಈ ಇಗರ್ಜಿ ಉಳಿಯಲಿಲ್ಲ. ಸರ್ಕಾರ ಅವರಿಗೆಂದು ಇಟ್ಟ ಮೀಸಲು ಪ್ರದೇಶದ ಗಡಿ ಎಳೆದಾಗ ಮಿಶನ್ ಹೊರಗೆ ಬಿತ್ತು, 1877ರಲ್ಲಿ ಎಲ್ಲರೂ ಡಿಸ್ಮೆಟ್ ಎಂಬ ಊರಿಗೆ ಹೋಗಬೇಕಾಯಿತು. ಈಗಲೂ ಆಗಸ್ಟ್ 15ರ ಮರಿಯಮ್ಮನ ಹಬ್ಬಕ್ಕೆ ಆ ಮನೆತನಗಳವರು ಇಲ್ಲಿಗೆ ಬರುತ್ತಾರೆ. ಆ ದಿನ ಹೋಗುವವರು ಪ್ರವಾಸಿಗಳಾಗಿ ನುಗ್ಗದೆ ಬದಿಗೆ ನಿಲ್ಲಿ.

ಒಂದು ಎಚ್ಚರಿಕೆ, ಮುಖ್ಯವಾಗಿ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ. 1880ರ ದಶಕದಿಂದ ಮೇಲಿನ ಕಣಿವೆಯಲ್ಲಿ ಬೆಳ್ಳಿ, ಸೀಸದ ಗಣಿ ತೋಡಿದರು. ಗಣಿಯ ಕಸ ನದಿಯ ಜೊತೆ ಹರಿದು ಬಂದು ದಡದ ಮಣ್ಣಿನಲ್ಲಿ ಸೀಸ ಕೂತಿದೆ. ನದಿಯ ಬದಿಯಲ್ಲಿ ಫಲಕಗಳಿವೆ. ನೀರಿಗೆ ಇಳಿಯಬೇಡಿ, ಕೆಸರು ಮುಟ್ಟಬೇಡಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ. ನಾವು ಬುತ್ತಿ ಬಿಚ್ಚುವ ಮೊದಲು ಮೊಮ್ಮಗಳ ಕೈಯನ್ನು ಎರಡು ಸಲ ಸಾಬೂನು ಹಾಕಿ ತೊಳೆಸಿದೆ. ಬೆಳಿಗ್ಗೆ ಒಳಗೆ ಆ ಗೋಡೆಯ ಮಣ್ಣು ನೋಡಿದ್ದವಳು ಕೇಳಿದಳು, "ಅಜ್ಜಿ, ಅವರು ಮೆತ್ತಿದ್ದು ಇದೇ ಮಣ್ಣಾ?" ಇದೇ ದಡದ್ದು ಮಗಾ, ಆದರೆ ಆಗ ಸೀಸ ಇರಲಿಲ್ಲ, ಅಂದೆ.