ಎದೆಬಡಿತಕ್ಕೆ ಮೂರು ಮಾತ್ರೆ: ನನ್ನ ಮೈಗೆ ಯಾವುದು ಹೇಗೆ ಹಿಡಿಸಿತು

ಹನುಮಂತನಗರದಲ್ಲಿ ನನ್ನದೊಂದು ಚಿಕ್ಕ ಹೊಲಿಗೆ ಅಂಗಡಿ ಇದೆ. ವಯಸ್ಸು 57. ಮೂರು ವರ್ಷದ ಹಿಂದೆ ಒಂದು ಸಂಜೆ ಬ್ಲೌಸಿಗೆ ಹುಕ್ ಹಾಕುತ್ತಾ ಕೂತಿದ್ದೆ. ಇದ್ದಕ್ಕಿದ್ದ ಹಾಗೆ ಎದೆಯೊಳಗೆ ತಾಳ ತಪ್ಪಿತು. ಮಿಷನ್ನಿನ ಸೂಜಿ ಮೊಂಡಾದಾಗ ಒಂದು ಹೊಲಿಗೆ ಬಿಟ್ಟು, ಎರಡು ಹಾಕಿ, ಮತ್ತೆ ಒಂದು ಬಿಡುತ್ತದಲ್ಲ, ಹಾಗೆ. ನೀರು ಕುಡಿದೆ, ಮಲಗಿದೆ, ನಿಲ್ಲಲಿಲ್ಲ. ರಾತ್ರಿ ಇಸಿಜಿ ಮಾಡಿದಾಗ ಏಟ್ರಿಯಲ್ ಫಿಬ್ರಿಲೇಷನ್ ಎಂದರು.

ಹೃದಯದ ಮೇಲಿನ ಎರಡು ಕೋಣೆಗಳು ಒಟ್ಟಿಗೆ ಹಿಂಡುವ ಬದಲು ಸುಮ್ನೆ ನಡುಗುತ್ತಿರುತ್ತವೆ. ಕೆಳಗಿನ ಕೋಣೆಗಳು ಹೇಗೆಂದರೆ ಹಾಗೆ ಬಡಿಯುತ್ತವೆ. ಮೇಲೆ ರಕ್ತ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಅದಕ್ಕಾಗಿ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ ಮೊದಲ ದಿನದಿಂದಲೂ ನಡೆಯುತ್ತಿದೆ. ಇಲ್ಲಿ ಹೇಳಲು ಹೊರಟಿರುವುದು ಬಡಿತಕ್ಕೆ ಕೊಟ್ಟ ಮೂರು ಮಾತ್ರೆಗಳ ವಿಷಯ. ಮೆಟೊಪ್ರೊಲಾಲ್ ಏಳು ತಿಂಗಳು, ಡಿಲ್ಟಿಯಾಜೆಮ್ ಒಂಬತ್ತು ತಿಂಗಳು, ಅಮಿಯೋಡರೋನ್ ಹದಿನಾಲ್ಕು ತಿಂಗಳು.

ಮೊದಲೇ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಇದು ನನಗೆ ಗೊತ್ತಾಗಲು ವರ್ಷವೇ ಹಿಡಿಯಿತು. ಮೊದಲಿನ ಎರಡು ಮಾತ್ರೆ ಬಡಿತದ ವೇಗ ಇಳಿಸುತ್ತವೆ ಅಷ್ಟೆ. ತಾಳ ತಪ್ಪಿದ್ದರೆ ತಪ್ಪಿಯೇ ಇರುತ್ತದೆ, ಆದರೆ ನಿಧಾನವಾಗಿರುತ್ತದೆ. ಮೂರನೆಯದು ತಾಳವನ್ನೇ ಸರಿ ಮಾಡಿ ಹಿಡಿದಿಡಲು ನೋಡುತ್ತದೆ. ಹಾಗಾಗಿ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ನ್ಯಾಯವಲ್ಲ. ಆದರೂ ನುಂಗಿದ್ದು ಒಂದೇ ಮೈ. ದಿನ ಹೇಗೆ ಕಳೆಯಿತು ಅನ್ನುವುದನ್ನು ಹೋಲಿಸಬಹುದು ಅಲ್ವಾ?

ಗುಡಿಯ ಮೆಟ್ಟಿಲು

ಪ್ರತಿ ಮಂಗಳವಾರ ನಮ್ಮ ಕುಮಾರಸ್ವಾಮಿ ಗುಡಿಯ ಮೆಟ್ಟಿಲು ಹತ್ತುವುದು ನನ್ನ ರೂಢಿ. ಆಯಾಸ ಎಷ್ಟು ಅಂತ ಅಳೆಯಲು ನನಗೆ ಅದೇ ಅಳತೆಗೋಲು.

ಮೆಟೊಪ್ರೊಲಾಲ್ 25 ಮಿಲಿಗ್ರಾಂ ಇದ್ದಾಗ ಅಷ್ಟು ಗೊತ್ತಾಗಲಿಲ್ಲ. 50ಕ್ಕೆ ಏರಿಸಿದ ಮೇಲೆ ಮೂರು ಕಡೆ ನಿಲ್ಲುವಂತಾಯಿತು. ಉಸಿರು ಕಟ್ಟುತ್ತಿರಲಿಲ್ಲ. ಕಾಲು ಏಳುತ್ತಿರಲಿಲ್ಲ, ಒದ್ದೆ ಸೀರೆ ಸುತ್ತಿಕೊಂಡ ಹಾಗೆ. ಕಾರಣ ಆಮೇಲೆ ತಿಳಿಯಿತು. ಹತ್ತುವಾಗ ಮೈಯ ಅಡ್ರಿನಲಿನ್ 'ಬೇಗ ಬಡಿ' ಅಂತ ಹೃದಯಕ್ಕೆ ಹೇಳುತ್ತದೆ. ಈ ಮಾತ್ರೆ ಆ ಮಾತು ಹೃದಯದ ಕಿವಿಗೆ ಬೀಳದ ಹಾಗೆ ತಡೆಯುತ್ತದೆ. ಕೆಲಸ ಜಾಸ್ತಿ ಇದ್ದಾಗಲೂ ಹೃದಯ ತನ್ನ ನಿಧಾನ ಬಿಡುವುದಿಲ್ಲ. ನಾನೋ ವಯಸ್ಸಾಯಿತು ಅಂದುಕೊಂಡು ಐದು ತಿಂಗಳು ಬಾಯಿ ಬಿಡಲೇ ಇಲ್ಲ. ಇವತ್ತಿಗೂ ಅದಕ್ಕೆ ಬೇಸರವಿದೆ. ಆ ಐದು ತಿಂಗಳಲ್ಲಿ ಎರಡು ಮದುವೆ ಆರ್ಡರ್ ವಾಪಸ್ ಕೊಟ್ಟೆ.

ಡಿಲ್ಟಿಯಾಜೆಮ್‌ಗೆ ಬದಲಾಯಿಸಿದ ಮೂರನೇ ವಾರಕ್ಕೆ ಒಂದೇ ಕಡೆ ನಿಂತು ಮೇಲೆ ಹೋದೆ. ಮೊದಲ ಹತ್ತು ದಿನ ತಲೆನೋವಿತ್ತು, ಹೋಯಿತು. ಮೈಯಲ್ಲಿ ಹಳೆಯ ಚುರುಕು ಬಂದಿತ್ತು.

ಅಮಿಯೋಡರೋನ್ ಶುರುವಾದ ಎರಡನೇ ತಿಂಗಳು ಎಲ್ಲೂ ನಿಲ್ಲದೆ ಹತ್ತಿದೆ. ಮೇಲೆ ಹೋಗಿ ನಾಡಿ ಹಿಡಿದು ನೋಡಿದರೆ ಒಂದೊಂದು ಬಡಿತವೂ ಸಾಲಾಗಿ ಬರುತ್ತಿತ್ತು. ದೇವರ ಮುಂದೆ ನಿಂತು ಅತ್ತುಬಿಟ್ಟೆ.

ಬೆರಳು, ಪಾದ

ಮೆಟೊಪ್ರೊಲಾಲ್ ನನ್ನ ಬೆರಳಿಗೆ ತೊಂದರೆ ಕೊಟ್ಟಿತು. ತುದಿ ತಣ್ಣಗೆ, ಬೆಳ್ಳಗೆ. ಡಿಸೆಂಬರಿನ ಬೆಳಗ್ಗೆ ಸೂಜಿಗೆ ದಾರ ಪೋಣಿಸಿದರೆ ದಾರ ಬೆರಳಲ್ಲಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕಾಫಿ ಲೋಟ ಹಿಡಿದು ಕೈ ಕಾಯಿಸಿಕೊಂಡು ಕೆಲಸಕ್ಕೆ ಕೂರುತ್ತಿದ್ದೆ.

ಡಿಲ್ಟಿಯಾಜೆಮ್‌ನಲ್ಲಿ ಬೆರಳು ಬೆಚ್ಚಗಾಯಿತು, ತೊಂದರೆ ಪಾದಕ್ಕೆ ಇಳಿಯಿತು. ಸಂಜೆಯಾದರೆ ಗಿಣ್ಣು ಊದಿಕೊಳ್ಳುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಮೈದಾ ಹಿಟ್ಟಿನಲ್ಲಿ ಒತ್ತಿದ ಹಾಗೆ ಗುಂಡಿ ಉಳಿಯುತ್ತಿತ್ತು. ಒಂದು ದಿನ ಕಾಲುಂಗುರ ಬಿಗಿದು ಬೆರಳು ನೀಲಿಯಾಯಿತು. ಎಣ್ಣೆ ಹಚ್ಚಿದರೂ ಜಾರಲಿಲ್ಲ. ಕೊನೆಗೆ ಹೊಲಿಗೆ ದಾರವನ್ನೇ ಉಂಗುರದ ಕೆಳಗೆ ತೂರಿಸಿ, ಬೆರಳಿಗೆ ಒತ್ತೊತ್ತಾಗಿ ಸುತ್ತಿ, ಒಳಗಿನ ತುದಿಯಿಂದ ನಿಧಾನವಾಗಿ ಬಿಚ್ಚುತ್ತಾ ಬಂದೆ. ಒಂದೊಂದು ಸುತ್ತಿಗೂ ಉಂಗುರ ಒಂದು ಕೂದಲೆಳೆ ಮುಂದೆ ಸರಿಯಿತು. ಮದುವೆಯಾದ ಮೇಲೆ ಅದನ್ನು ತೆಗೆದಿದ್ದು ಅದೇ ಮೊದಲು. ಅತ್ತೆಯ ಮುಖ ಸಪ್ಪಗಾಯಿತು.

ನೀರು ಇಳಿಸುವ ಮಾತ್ರೆ ಕೊಡಿ ಎಂದು ಡಾಕ್ಟರನ್ನು ಕೇಳಿದೆ. ಇಂಥ ಊತಕ್ಕೆ ಅದು ಅಷ್ಟಾಗಿ ಕೆಲಸ ಮಾಡಲ್ಲ ಎಂದರು. ಮೈಯಲ್ಲಿ ನೀರು ಜಾಸ್ತಿಯಾಗಿ ಬಂದ ಊತ ಇದಲ್ಲವಂತೆ. ಮಾತ್ರೆಯಿಂದ ಸಣ್ಣ ರಕ್ತನಾಳ ಸಡಿಲಾಗಿ ನೀರು ಸುತ್ತ ಜಿನುಗುತ್ತದಂತೆ. ಕಾಲು ಮೇಲಿಟ್ಟು ಕೂರಿ ಎಂದರು. ಹೊಲಿಗೆ ಮಿಷನ್ ತುಳಿಯುವವಳು ಕಾಲು ಎಲ್ಲಿ ಮೇಲಿಡುವುದು? ಜೊತೆಗೆ ಮಲಬದ್ಧತೆ ಬೇರೆ. ಅದು ರಾತ್ರಿ ಮುದ್ದೆ, ಸೊಪ್ಪಿನ ಸಾರು, ಬಿಸಿನೀರಿನಿಂದ ಹತೋಟಿಗೆ ಬಂತು.

ನಿದ್ದೆ

ಇಲ್ಲಿ ಸೋತಿದ್ದು ಮೆಟೊಪ್ರೊಲಾಲ್ ಒಂದೇ. ಕನಸು ಕಣ್ಣಿಗೆ ಕಟ್ಟಿದ ಹಾಗೆ, ರಾತ್ರಿಯಿಡೀ. ತೀರಿಹೋದವರೆಲ್ಲ ಬಂದು ಅಳತೆ ಕೊಟ್ಟು ಹೋಗುತ್ತಿದ್ದರು. ಈ ಮಾತ್ರೆ ಕೊಬ್ಬಿನಲ್ಲಿ ಕರಗುವಂಥದ್ದು, ಅದಕ್ಕೇ ಮೆದುಳಿಗೂ ಹೋಗುತ್ತದಂತೆ. ಉಳಿದ ಎರಡರಲ್ಲಿ ನಿದ್ದೆ ಚೆನ್ನಾಗಿತ್ತು.

ಬಿಸಿಲು

ಬೆಂಗಳೂರಿನ ಬಿಸಿಲು ಏನು ಮಾಡೀತು ಅಂದುಕೊಂಡಿದ್ದೆ. ಅಮಿಯೋಡರೋನ್ ತೆಗೆದುಕೊಂಡವರಿಗೆ ಮಾಡುತ್ತದೆ. ಅಂಗಡಿಯ ಕಿಟಕಿ ಪಕ್ಕ ನನ್ನ ಮಿಷನ್. ಎಡಗೈ ಕಿಟಕಿ ಕಡೆಗೆ. ಮಾರ್ಚಿನಲ್ಲಿ ಆ ಕೈಯ ಮೇಲೆ ಉರಿ ಶುರುವಾಯಿತು, ಕೆಂಪಗಾಯಿತು, ಆಮೇಲೆ ಕಪ್ಪಾಯಿತು. ಬಳೆ ಇದ್ದ ಕಡೆ ಮಾತ್ರ ಬೆಳ್ಳಗೆ ಗೆರೆ. ಮುಚ್ಚಿದ ಗಾಜಿನೊಳಗೆ ಕೂತರೂ ಹೀಗಾಗುತ್ತದೆ ಅಂದರೆ ನಂಬಲಿಲ್ಲ. ಆದರೆ ಈ ಮಾತ್ರೆಗೆ ಆಗದಿರುವುದು ಅಲ್ಟ್ರಾವಯೊಲೆಟ್ ಎ ಕಿರಣ. ಅದು ಕಿಟಕಿಯ ಗಾಜನ್ನು ದಾಟಿ ಬರುತ್ತದೆ. ಮಾತ್ರೆ ಬರೆದುಕೊಟ್ಟ ಕಡೆ ಇದನ್ನು ಯಾರೂ ಹೇಳಿರಲಿಲ್ಲ. ಒಂದೇ ಒಂದು ಮಾತು ಹೇಳಿದ್ದರೆ ಮಿಷನ್ ಆ ಕಡೆ ತಿರುಗಿಸುತ್ತಿದ್ದೆ.

ಮಾಮೂಲಿ ಸನ್‌ಸ್ಕ್ರೀನ್ ನನಗೆ ಸಾಲಲಿಲ್ಲ. ಜಿಂಕ್ ಆಕ್ಸೈಡ್ ಇರುವ ಬೆಳ್ಳಗಿನ ದಪ್ಪ ಕ್ರೀಮ್ ಕೆಲಸ ಮಾಡಿತು. ಅದಕ್ಕಿಂತ ಒಳ್ಳೆಯದು ಬಟ್ಟೆ. ಸ್ಕೂಟರ್ ಓಡಿಸುವ ಹುಡುಗಿಯರು ಹಾಕುವ ತೋಳಿನುದ್ದದ ಕೈಗವಸನ್ನು ನಾನೇ ಕಾಟನ್ನಿನಲ್ಲಿ ಹೊಲಿದುಕೊಂಡೆ. ಮೊದಲಿನ ಎರಡು ಮಾತ್ರೆಯಲ್ಲಿ ಬಿಸಿಲಿನ ಯೋಚನೆಯೇ ನನಗೆ ಇರಲಿಲ್ಲ.

ಹೊರಗೆ ಕಾಣದ್ದು

ಅಮಿಯೋಡರೋನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತಾಳ ಹಿಡಿದಿಡುವುದರಲ್ಲಿ ಉಳಿದೆರಡು ಅದರ ಹತ್ತಿರಕ್ಕೂ ಬರುವುದಿಲ್ಲ. ತಾಳ ಹಿಡಿಯಲು ಬೇರೆ ಮಾತ್ರೆಗಳೂ ಇವೆ. ಆದರೆ ಬಿಪಿಯಿಂದ ನನ್ನ ಹೃದಯದ ಎಡಗಡೆ ಗೋಡೆ ದಪ್ಪವಾಗಿದೆ, ಅವು ನಿಮಗೆ ಹೊಂದಲ್ಲ ಎಂದು ಇದನ್ನು ಕೊಟ್ಟರು. ಶುರು ಮಾಡುವ ಮುಂಚೆಯೇ ಥೈರಾಯ್ಡ್, ಲಿವರ್, ಎದೆಯ ಎಕ್ಸ್‌ರೇ, ಕಣ್ಣು, ಎಲ್ಲ ಪರೀಕ್ಷೆ ಆಯಿತು. ಮೊದಲ ವಾರ 200 ಮಿಲಿಗ್ರಾಂ ದಿನಕ್ಕೆ ಮೂರು, ಎರಡನೇ ವಾರ ಎರಡು, ಆಮೇಲೆ ಒಂದು.

ಒಂದು 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 150 ಮೈಕ್ರೋಗ್ರಾಂ. ಮಾತ್ರೆಯಲ್ಲಿರುವ ಅಯೋಡಿನ್ನಿನಲ್ಲಿ ಸ್ವಲ್ಪ ಭಾಗ ಮಾತ್ರ ಬಿಡುಗಡೆಯಾಗುತ್ತದೆ, ಅದೇ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು. ಇದರಿಂದ ಥೈರಾಯ್ಡ್ ಕೆಲವರಿಗೆ ಇಳಿಯುತ್ತದೆ, ಕೆಲವರಿಗೆ ಏರುತ್ತದೆ. ನನಗೆ ಇಳಿಯಿತು. ಶುರುವಿನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಇಳಿದರೆ ಏರುವ ರಕ್ತಪರೀಕ್ಷೆಯ ಅಂಕಿ) 2.4 ಇತ್ತು. ಆರನೇ ತಿಂಗಳಿಗೆ 16.

ಆ ಆಯಾಸ ಬೇರೆ ಥರ. ಮೆಟೊಪ್ರೊಲಾಲ್‌ನಲ್ಲಿ ಕಾಲು ಸೋಲುತ್ತಿತ್ತು, ಮನಸ್ಸು ಸರಿಯಿತ್ತು. ಇಲ್ಲಿ ಕಾಲು ಸರಿಯಿತ್ತು, ಮನಸ್ಸಿಗೆ ಮಂಕು ಕವಿದಿತ್ತು. ಒಂದು ಕಟೋರಿ ಬ್ಲೌಸಿನ ಕಟಿಂಗ್ ಎರಡು ಸಲ ತಪ್ಪಿದೆ. ನಲವತ್ತು ವರ್ಷದಲ್ಲಿ ಹಾಗಾಗಿರಲಿಲ್ಲ. ಕೂದಲು ಉದುರಿತು, ನಾಲ್ಕು ಕಿಲೋ ತೂಕ ಏರಿತು. ಥೈರಾಯ್ಡ್ ಮಾತ್ರೆ ಬಂದ ಎರಡು ತಿಂಗಳಿಗೆ ಮಂಕು ಹೋಯಿತು. ಆದರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಮುಕ್ಕಾಲು ಗಂಟೆ ಕಾಯಬೇಕು. ಕಾಫಿ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಬೆಳಗ್ಗೆ ಡಿಕಾಕ್ಷನ್ ಇಳಿಯುವ ವಾಸನೆ ಬರುತ್ತಿದ್ದರೂ ಗಡಿಯಾರ ನೋಡುತ್ತಾ ಕೂರುವುದು ನನಗೆ ಇನ್ನೂ ಕಷ್ಟವೇ.

ಹನ್ನೊಂದನೇ ತಿಂಗಳಿಗೆ ರಾತ್ರಿ ಬೀದಿದೀಪದ ಸುತ್ತ ಬಣ್ಣದ ಬಳೆ ಕಾಣತೊಡಗಿತು. ಮಾತ್ರೆ ಕಣ್ಣಿನ ಮುಂಪೊರೆಯಲ್ಲಿ ಪುಡಿಪುಡಿಯಾಗಿ ಕೂರುತ್ತದೆ, ತೆಗೆದುಕೊಳ್ಳುವವರಲ್ಲಿ ಬಹುತೇಕ ಎಲ್ಲರಿಗೂ ಹೀಗಾಗುತ್ತದೆ, ದೃಷ್ಟಿಗೆ ತೊಂದರೆಯಾಗುವುದು ಕಡಿಮೆ ಎಂದು ಕಣ್ಣಿನ ಡಾಕ್ಟರ್ ಹೇಳಿದರು. ಶ್ವಾಸಕೋಶದ್ದು ಮಾತ್ರ ನಿಜವಾದ ಭಯ. ಒಣಕೆಮ್ಮು, ಹೊಸದಾಗಿ ಏದುಸಿರು ಬಂದರೆ ಒಂದು ದಿನವೂ ಕಾಯಬೇಡಿ ಎಂದಿದ್ದರು. ನನಗೆ ಬರಲಿಲ್ಲ. ಬೆಂಗಳೂರಿನಲ್ಲಿ ಧೂಳಿನ ಕೆಮ್ಮು ಯಾರಿಗಿಲ್ಲ ಹೇಳಿ? ಹಾಗಾಗಿ ಪ್ರತಿ ಕೆಮ್ಮಿಗೂ ಹೆದರುತ್ತಿದ್ದೆ.

ಹಣ್ಣಿನ ವಿಷಯವೂ ಇದೆ. ಗ್ರೇಪ್‌ಫ್ರೂಟ್ ಜೊತೆ ಈ ಮಾತ್ರೆ ರಕ್ತದಲ್ಲಿ ಹೆಚ್ಚಾಗುತ್ತದೆ. ಅದು ನಮ್ಮ ಮನೆಗೆ ಬರುವ ಹಣ್ಣಲ್ಲ, ಆದರೆ ಅದರ ಹತ್ತಿರದ ನೆಂಟ ನಮ್ಮ ದೇವನಹಳ್ಳಿ ಚಕ್ಕೋತ. ಅದನ್ನೂ ಬಿಡಿ ಎಂದರು. ಪ್ರತಿ ವರ್ಷ ತಂಗಿ ಕಳಿಸುವ ಚಕ್ಕೋತ ಎದುರು ಮನೆಗೆ ಹೋಯಿತು.

ಬಿಟ್ಟಾಗ

ಇದರಲ್ಲಿ ಎರಡು ಮಾತ್ರೆಗಳ ಗುಣ ತೀರಾ ಉಲ್ಟಾ. ಒಂದು ಹಬ್ಬದ ಹೊತ್ತಿನಲ್ಲಿ ಮೆಟೊಪ್ರೊಲಾಲ್ ತೀರಿತ್ತು. ನಾಳೆ ತಂದರಾಯಿತು ಅಂತ ಎರಡು ದಿನ ಬಿಟ್ಟೆ. ಮೂರನೇ ದಿನ ಬೆಳಗ್ಗೆ ನಾಡಿ 130, ಕೈ ನಡುಕ, ಬೆವರು. ತುರ್ತು ವಿಭಾಗಕ್ಕೆ ಓಡಬೇಕಾಯಿತು. ಇಷ್ಟು ದಿನ ಮಾತ್ರೆ ತಡೆದದ್ದಕ್ಕೆ ಹೃದಯದ ಕಿವಿ ಇನ್ನೂ ಚುರುಕಾಗಿರುತ್ತದೆ, ಮಾತ್ರೆ ಥಟ್ಟನೆ ನಿಂತರೆ ಅಡ್ರಿನಲಿನ್ ಮಾತು ಅದಕ್ಕೆ ಜೋರಾಗಿ ಕೇಳುತ್ತದೆ. ಸುಸ್ತು ಅಂತ ಈ ಮಾತ್ರೆಯನ್ನು ದಯವಿಟ್ಟು ನೀವೇ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಹಾಗೆ ಹಂತ ಹಂತವಾಗಿ ಇಳಿಸಬೇಕು.

ಅಮಿಯೋಡರೋನ್ ನಿಲ್ಲಿಸಿದಾಗ ಏನೂ ಆಗಲಿಲ್ಲ, ವಾರವಾದರೂ ಇಲ್ಲ. ಅದು ಕೊಬ್ಬಿನಲ್ಲಿ ಕೂತಿರುತ್ತದೆ. ಅರ್ಧ ಖಾಲಿಯಾಗಲು ಸರಾಸರಿ ಎರಡು ತಿಂಗಳು ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಒಳ್ಳೆಯದೂ ಉಳಿಯುತ್ತದೆ, ಕೆಟ್ಟದ್ದೂ ಉಳಿಯುತ್ತದೆ. ನಿಲ್ಲಿಸಿ ಐದು ತಿಂಗಳಾದರೂ ನಾನು ಕೈಗವಸು ತೆಗೆದಿಲ್ಲ.

ಖರ್ಚು ಮತ್ತು ನಾಡಿ

ಮಾತ್ರೆಯ ಬೆಲೆ ಮೂರಕ್ಕೂ ನನಗೆ ಭಾರವಾಗಲಿಲ್ಲ. ಆದರೆ ಅಮಿಯೋಡರೋನ್ ಜೊತೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ವರ್ಷಕ್ಕೊಮ್ಮೆ ಎಕ್ಸ್‌ರೇ, ಕಣ್ಣಿನ ತಪಾಸಣೆ. ನಿಜವಾದ ಖರ್ಚು ಅದು. ಅಂಗಡಿ ಮುಚ್ಚಿ ಹೋದ ದಿನಗಳ ಲೆಕ್ಕ ಬೇರೆ.

ಮೂರರಲ್ಲೂ ನನ್ನನ್ನು ಕಾಪಾಡಿದ್ದು ಅಳತೆ ಬರೆಯುವ ಹಳೆಯ ನೋಟ್‌ಬುಕ್ಕು. ಹಿಂದಿನ ಪುಟದಿಂದ ನಾಡಿ ಬರೆಯಲು ಶುರು ಮಾಡಿದೆ. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಾಳ ತಪ್ಪಿದ ನಾಡಿಯಲ್ಲಿ ಲೆಕ್ಕ ತಪ್ಪುತ್ತದೆ. ಬಿಪಿ ಮಿಷನ್ ಕೂಡ ಹಾಗೆಯೇ. ನಾನು ಮೂರು ಸಲ ನೋಡಿ ಸರಾಸರಿ ಬರೆಯುತ್ತೇನೆ. ಕಾಫಿ ಬಿಡು ಅಂತ ಎಲ್ಲರೂ ಹೇಳುತ್ತಿದ್ದರು. ಕಾಫಿ ಕುಡಿದ ದಿನ, ಬಿಟ್ಟ ದಿನ ಎರಡನ್ನೂ ಬರೆದೆ, ನನ್ನಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿದ್ದೆಗೆಟ್ಟ ರಾತ್ರಿಯ ಮಾರನೇ ದಿನ ಮಾತ್ರ ತಾಳ ತಪ್ಪುವುದು ಎದ್ದು ಕಂಡಿತು. ಈ ಪುಟಗಳನ್ನು ತೋರಿಸಿದ ಮೇಲೆಯೇ ಡಾಕ್ಟರ್ ಮೊದಲ ಮಾತ್ರೆ ಬದಲಾಯಿಸಿದ್ದು.

ಈಗ

ನನ್ನನ್ನು ಕೇಳಿದರೆ, ದಿನದ ಬದುಕಿಗೆ ಡಿಲ್ಟಿಯಾಜೆಮ್‌ನ ಮೊದಲ ನಾಲ್ಕು ತಿಂಗಳು ಎಲ್ಲಕ್ಕಿಂತ ಹಗುರ. ಕಾಲೂತ ಆಮೇಲೆ ಹೆಚ್ಚಿತು, ತಾಳ ತಪ್ಪುವುದೂ ವಾರಕ್ಕೆರಡು ಸಲ ಆಯಿತು, ಅದಕ್ಕೇ ಬಿಟ್ಟೆ. ಅಮಿಯೋಡರೋನ್ ಅತಿ ಒಳ್ಳೆಯ ತಿಂಗಳನ್ನೂ ಕೊಟ್ಟಿತು, ಅತಿ ಭಯದ ತಿಂಗಳನ್ನೂ ಕೊಟ್ಟಿತು. ಲಿವರ್ ಪರೀಕ್ಷೆಯ ಅಂಕಿ ಏರಿದ ಮೇಲೆ ಡಾಕ್ಟರೇ ನಿಲ್ಲಿಸಿದರು. ಮೆಟೊಪ್ರೊಲಾಲ್‌ಗೆ ವಾಪಸ್ ಹೋಗಲು ನನಗೆ ಮನಸ್ಸಿಲ್ಲ. ಆದರೆ ನನ್ನ ಅಂಗಡಿ ಪಕ್ಕದ ಹೂವಿನವರು ಅದೇ ಮಾತ್ರೆ ಆರು ವರ್ಷದಿಂದ ತೆಗೆದುಕೊಳ್ಳುತ್ತಾ ಆರಾಮಾಗಿದ್ದಾರೆ.

ಈಗ ಅದರ ಜಾತಿಯದೇ ಬಿಸೊಪ್ರೊಲಾಲ್, 1.25ರಿಂದ ಶುರು ಮಾಡಿ 2.5 ಮಿಲಿಗ್ರಾಂ. ಇದು ಮೆದುಳಿಗೆ ಅಷ್ಟು ಹೋಗುವುದಿಲ್ಲವಂತೆ. ಕನಸು ಬಂದಿಲ್ಲ. ಅಬ್ಲೇಷನ್ ಮಾತು ನಡೆಯುತ್ತಿದೆ. ತೊಡೆಸಂದಿಯ ರಕ್ತನಾಳದಿಂದ ತಂತಿ ಕಳಿಸಿ, ತಪ್ಪು ಸಿಗ್ನಲ್ ಹುಟ್ಟುವ ಜಾಗದ ಸುತ್ತ ಸುಟ್ಟು ಬೇಲಿ ಹಾಕುತ್ತಾರೆ. ದಿನ ಗೊತ್ತಾಗಿಲ್ಲ.

ಕಾಲುಂಗುರ ಮತ್ತೆ ಹಾಕಿಕೊಂಡಿದ್ದೇನೆ. ಕಳೆದ ಮಂಗಳವಾರ ಒಂದು ಕಡೆ ನಿಂತು ಮೆಟ್ಟಿಲು ಹತ್ತಿದೆ. ಮೇಲೆ ಕೂತು ಒಂದು ನಿಮಿಷ ಎಣಿಸಿದೆ. 84 ಬಂತು, ಎರಡು ಕಡೆ ತಪ್ಪಿತು. ಕೆಳಗಿಳಿದು ನೋಟ್‌ಬುಕ್ಕಿನಲ್ಲಿ ಬರೆದೆ.