ಎಸ್‌ಎಸ್‌ಡಿ ಡ್ರೈವರ್: ವಿಂಡೋಸ್‌ನದೇ ಸಾಕೋ, ಕಂಪನಿಯದು ಬೇಕೋ?

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ (ಕಡತಗಳನ್ನು ಇಡುವ ವೇಗದ ಡಿಸ್ಕ್) ಕೊಂಡರೆ ಬಿಲ್ಲಿನ ಜೊತೆಗೆ ಒಂದು ಉಪದೇಶವೂ ಉಚಿತ: "ಕಂಪನಿಯ ಡ್ರೈವರ್ ಹಾಕಿಕೊಳ್ಳಿ, ಇಲ್ಲದಿದ್ದರೆ ಪೂರ್ತಿ ವೇಗ ಸಿಗುವುದಿಲ್ಲ." ಡ್ರೈವರ್ ಎಂದರೆ ವಿಂಡೋಸ್ ಒಂದು ಸಾಧನದೊಡನೆ ವ್ಯವಹರಿಸಲು ಬೇಕಾದ ತಂತ್ರಾಂಶ. ಅಂಗಡಿಯವರ ಮಾತಿನಲ್ಲಿ ಹುರುಳೆಷ್ಟು ಎಂದು ತಿಳಿಯಲು ನನ್ನ ಡೆಸ್ಕ್‌ಟಾಪ್, ಮುಲುಂಡಿನಲ್ಲಿರುವ ದೊಡ್ಡಮ್ಮನ ಮಗನ ಲ್ಯಾಪ್‌ಟಾಪ್, ಮಾಟುಂಗಾದ ಪರಿಚಿತ ಉಡುಪಿ ಹೋಟೆಲೊಂದರ ಲೆಕ್ಕದ ಕಂಪ್ಯೂಟರ್, ಇವುಗಳಲ್ಲಿ ಬೇರೆ ಬೇರೆ ಡ್ರೈವರ್ ಹಾಕಿ ನೋಡಿದೆ.

ಮೊದಲು ವಿಂಡೋಸ್‌ನ ಸ್ವಂತ ಡ್ರೈವರ್. 2013ರ ವಿಂಡೋಸ್ 8.1ರಿಂದ ಇದು ಜೊತೆಗೇ ಬರುತ್ತದೆ. ವಿಂಡೋಸ್ 7ಕ್ಕೆ ಮಾತ್ರ ಪ್ರತ್ಯೇಕ ತೇಪೆ (ಪ್ಯಾಚ್) ಬೇಕಿತ್ತು. ಅಂಗಡಿಯವರ ಉಪದೇಶ ಬಹುಶಃ ಆ ಕಾಲದ್ದು. ಡಿವೈಸ್ ಮ್ಯಾನೇಜರ್‌ನಲ್ಲಿ 'ಸ್ಟೋರೇಜ್ ಕಂಟ್ರೋಲರ್ಸ್' ತೆರೆದು ಇದರ ವಿವರ ನೋಡಿದರೆ ತಾರೀಖು 21 ಜೂನ್ 2006 ಎಂದಿರುತ್ತದೆ. ಹೋಟೆಲಿನ ಧಣಿಗಳು ಅದನ್ನು ನೋಡಿ, "ಏನು ಮಾರಾಯರೇ, ಇಷ್ಟು ಹಳೆಯದನ್ನೇ ಇಟ್ಟಿದ್ದೀರಲ್ಲ!" ಎಂದು ಗಾಬರಿಯಾದರು. ಆ ತಾರೀಖನ್ನು ಮೈಕ್ರೋಸಾಫ್ಟ್ ಬೇಕೆಂದೇ ಹಾಗೆ ಇಟ್ಟಿದೆ. ಎರಡು ಡ್ರೈವರ್‌ಗಳು ಸಾಧನಕ್ಕೆ ಸಮನಾಗಿ ಹೊಂದಿದರೆ ವಿಂಡೋಸ್ ಹೊಸ ತಾರೀಖಿನದನ್ನು ಆರಿಸುತ್ತದೆ. ತಯಾರಕರ ಡ್ರೈವರ್ ಇದ್ದಲ್ಲಿ ತನ್ನದು ಹಿಂದೆ ಸರಿಯಲಿ ಎಂಬ ಏರ್ಪಾಡು ಅದು. ನೋಡಬೇಕಾದದ್ದು ತಾರೀಖನ್ನಲ್ಲ, ಅದರ ಕೆಳಗಿನ ಆವೃತ್ತಿಯ ಸಂಖ್ಯೆಯನ್ನು. ವಿಂಡೋಸ್ ಅಪ್‌ಡೇಟ್ ಆದಂತೆ ಇದೂ ಹೊಸದಾಗುತ್ತದೆ, ನಾವು ಮಾಡಬೇಕಾದದ್ದೇನೂ ಇಲ್ಲ.

ಎರಡನೆಯದು ಎಸ್‌ಎಸ್‌ಡಿ ತಯಾರಕರದು. ನನ್ನ ಡೆಸ್ಕ್‌ಟಾಪ್‌ನಲ್ಲಿರುವುದು ಸ್ಯಾಮ್‌ಸಂಗ್ 970 ಇವೋ ಪ್ಲಸ್. ಅದಕ್ಕೆ ಕಂಪನಿಯ 3.3 ಆವೃತ್ತಿಯ ಡ್ರೈವರ್ ಹಾಕಿದೆ. ದೊಡ್ಡ ಕಡತ ಓದುವ ವೇಗ ಎರಡರಲ್ಲೂ ಸೆಕೆಂಡಿಗೆ 3500 ಎಂಬಿಯ ಆಸುಪಾಸು. ಚಿಕ್ಕ ಚಿಕ್ಕ ಕಡತಗಳ ಪರೀಕ್ಷೆಯಲ್ಲಿ ಅಂಕಿಗಳು ಸ್ವಲ್ಪ ಏರಿದವು ನಿಜ, ಆದರೆ ಫೋಟೋ ನಕಲಿಸುವಾಗಲಾಗಲಿ ಕಂಪ್ಯೂಟರ್ ಶುರುವಾಗುವಾಗಲಾಗಲಿ ಕೈಗೆ ಹತ್ತುವಂಥ ವ್ಯತ್ಯಾಸವೇನಿಲ್ಲ. ನಂತರ ಬಂದ 980 ಪ್ರೊಗೆ ಸ್ಯಾಮ್‌ಸಂಗ್ ಪ್ರತ್ಯೇಕ ಡ್ರೈವರ್ ಕೊಡದೆ ವಿಂಡೋಸ್‌ನದನ್ನೇ ನೆಚ್ಚಿಕೊಂಡಿತು. ತಯಾರಕರೇ ಕೈಬಿಟ್ಟದ್ದನ್ನು ನಾವೇಕೆ ಹುಡುಕಿಕೊಂಡು ಹೋಗಬೇಕು? 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ಹಳೆಯದಕ್ಕೇ ಮರಳಿದೆ.

ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಕಥೆಯೇ ಬೇರೆ. ಇದು ವೇಗದ ಪ್ರಶ್ನೆಯಲ್ಲ, ಡಿಸ್ಕ್ ಕಾಣುವುದೋ ಇಲ್ಲವೋ ಎಂಬ ಪ್ರಶ್ನೆ. ಇಂಟೆಲ್‌ನ 11ನೆಯ ಪೀಳಿಗೆಯಿಂದೀಚಿನ ಪ್ರೊಸೆಸರ್ ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗಳನ್ನು ಪ್ರೊಸೆಸರಿನ ಮೂಲಕ ನಿಭಾಯಿಸುವ ವಿಎಂಡಿ ಎಂಬ ವ್ಯವಸ್ಥೆ ಮೊದಲೇ ಚಾಲೂ ಇರುತ್ತದೆ. ಎಸ್‌ಎಸ್‌ಡಿ ಅದರ ಹಿಂದೆ ಅಡಗಿ ಕುಳಿತಿರುತ್ತದೆ. ಮುಲುಂಡಿನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಹೊಸದಾಗಿ ಹಾಕಲು ಹೊರಟರೆ, ಡಿಸ್ಕ್ ಆರಿಸಬೇಕಾದ ಪರದೆಯಲ್ಲಿ ಪಟ್ಟಿ ಪೂರಾ ಖಾಲಿ. "ಅಣ್ಣಾ, ಎಸ್‌ಎಸ್‌ಡಿಯೇ ಹೋಯಿತಾ?" ಎಂದ ತಮ್ಮ. ಹೋಗಿರಲಿಲ್ಲ. ಇಂಟೆಲ್ ಡ್ರೈವರನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ಬಿಡಿಸಿದ (ಎಕ್ಸ್‌ಟ್ರ್ಯಾಕ್ಟ್ ಮಾಡಿದ) ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿದೆ. ವಿಎಂಡಿ ಹೆಸರಿನ ಸಾಲನ್ನು ಆರಿಸಿದ ಸ್ವಲ್ಪ ಹೊತ್ತಿಗೆ ಡಿಸ್ಕ್ ಪಟ್ಟಿಯಲ್ಲಿ ಬಂದು ಕುಳಿತಿತು. ಕೆಳಗಿಳಿಸಿದ ಇನ್‌ಸ್ಟಾಲರ್ ಕಡತವನ್ನು ಹಾಗೆಯೇ ತೋರಿಸಿದರೆ ಉಪಯೋಗವಿಲ್ಲ, ಅದನ್ನು ಮೊದಲು ಬಿಡಿಸಿರಬೇಕು.

ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್‌ಗಳಲ್ಲಿ) ವಿಎಂಡಿಯನ್ನೇ ಬಂದ್ ಮಾಡುವುದು ಇನ್ನೊಂದು ದಾರಿ. ವಿಂಡೋಸ್ ಹಾಕುವ ಮೊದಲು ಮಾಡಿದರೆ ಸರಿ. ಹಾಕಿದ ಮೇಲೆ ಸುಮ್ಮನೆ ಬಂದ್ ಮಾಡಿದರೆ ಕಂಪ್ಯೂಟರ್ ಶುರುವಾಗದೆ ನೀಲಿ ಪರದೆ ತೋರಿಸುವ ಸಂಭವವೇ ಹೆಚ್ಚು.

ಎಲ್ಲ ಡ್ರೈವರ್‌ಗಳನ್ನೂ ತಾನೇ ಹುಡುಕಿ ಹೊಸದು ಮಾಡುತ್ತೇನೆನ್ನುವ ತಂತ್ರಾಂಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಧಣಿಗಳ ಕಂಪ್ಯೂಟರಿನಲ್ಲಿ ಅಂಥದ್ದೊಂದು ಆ 2006ರ ತಾರೀಖನ್ನೇ ಕೆಂಪಕ್ಷರದಲ್ಲಿ ತೋರಿಸಿ ಹಣ ಕೇಳುತ್ತಿತ್ತು. ತೆಗೆದುಹಾಕಿದೆ.

ಎಸ್‌ಎಸ್‌ಡಿಯಲ್ಲಿ ನಿಜಕ್ಕೂ ಹೊಸದು ಮಾಡಬೇಕಾದದ್ದು ಡ್ರೈವರಿಗಿಂತ ಹೆಚ್ಚಾಗಿ ಫರ್ಮ್‌ವೇರ್, ಅಂದರೆ ಎಸ್‌ಎಸ್‌ಡಿಯ ಒಳಗೇ ಇರುವ ತಂತ್ರಾಂಶ. 2024ರಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್770, ಎಸ್‌ಎನ್580ರ 2 ಟಿಬಿ ಮಾದರಿಗಳು ನೀಲಿ ಪರದೆಗೆ ಬೀಳತೊಡಗಿದವು. ಸ್ವಂತ ಡಿರ‍್ಯಾಮ್ ಎಂಬ ಮೆಮೊರಿ ಇಲ್ಲದ ಈ ಎಸ್‌ಎಸ್‌ಡಿಗಳು ಕಂಪ್ಯೂಟರಿನ ಮೆಮೊರಿಯನ್ನೇ ಸಾಲ ಪಡೆಯುತ್ತವೆ. ಮೊದಲು 64 ಎಂಬಿ ಕೊಡುತ್ತಿದ್ದ ವಿಂಡೋಸ್ 200 ಎಂಬಿ ಕೊಡತೊಡಗಿದ್ದೇ ತೊಡಕಾಯಿತು. ಅದನ್ನು ಸರಿಪಡಿಸಿದ್ದು ಕಂಪನಿ ಕೊಟ್ಟ ಹೊಸ ಫರ್ಮ್‌ವೇರ್, ಡ್ರೈವರ್ ಅಲ್ಲ.

ಹಾಗಾಗಿ ಡೆಸ್ಕ್‌ಟಾಪ್ ಮತ್ತು ಹೋಟೆಲಿನ ಕಂಪ್ಯೂಟರ್ ಎರಡರಲ್ಲೂ ವಿಂಡೋಸ್‌ನ ಡ್ರೈವರನ್ನೇ ಉಳಿಸಿದ್ದೇನೆ, ಮುಲುಂಡಿನದಕ್ಕೆ ಮಾತ್ರ ಇಂಟೆಲ್‌ನದು. ಫರ್ಮ್‌ವೇರ್ ಹಾಕುವ ಮೊದಲು ಕಡತಗಳ ಪ್ರತಿ ಬೇರೆಡೆ ಇರಲಿ, ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಇದ್ದರೆ ಅದರ ಕೀಲಿಯನ್ನು ಬರೆದಿಟ್ಟುಕೊಳ್ಳಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಇರಲಿ. ಧಣಿಗಳ ಕಂಪ್ಯೂಟರಿಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದು, ಸಂಜೆಯ ಕಾಫಿಯ ಗಿರಾಕಿಗಳು ಬರುವುದರೊಳಗೆ ಹಾಕಿ ಮುಗಿಸಿದೆ.